ಚಿಗವ್ವನ ಬ್ರೇಕು, ದುರ್ಗದಬೈಲಿನ ಬಕೆಟ್ಟುಗಳು

ನನ್ನ ಬಲಗಾಲಿಗೆ ಒಂದು ಚಟವಿದೆ. ಆಟೋದಲ್ಲಿ ಕೂತಿರಲಿ, ಬಸ್ಸಿನಲ್ಲಿ ಕೂತಿರಲಿ, ಮುಂದೆ ಏನಾದರೂ ಅಡ್ಡ ಬಂತೆಂದರೆ ಅದು ತಾನಾಗಿಯೇ ನೆಲವನ್ನು ಗಟ್ಟಿಯಾಗಿ ಒತ್ತಿಬಿಡುತ್ತದೆ. ಮೊನ್ನೆ ಹೊಸೂರು ಸರ್ಕಲ್ಲಿನಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ ನಾನು ಒತ್ತಿದ ಸಪ್ಪಳಕ್ಕೆ ಆಟೋದವನು ಹಿಂತಿರುಗಿ ನೋಡಿ, "ಅಕ್ಕಾರ, ಸಾವಕಾಶ ಒತ್ತ್ರಿ, ತಗಡ ತೂತ ಬೀಳತೈತಿ" ಎಂದ. ನಾಚಿಕೆಯಾಯಿತು. ಆದರೆ ನೀವೇ ಹೇಳಿ, ಗಾಡಿ ನಿಂತಿತೋ ಇಲ್ಲವೋ? ನಿಂತಿತು. ಅದರಲ್ಲಿ ನನ್ನ ಪಾಲೂ ಒಂದಿಷ್ಟು ಇದ್ದೀತು ಎಂದು ನಾನು ಒಳಗೊಳಗೇ ನಂಬಿದ್ದೇನೆ.

ತಮಾಷೆಯೆಂದರೆ ನನಗೆ ಯಾವ ಗಾಡಿಯೂ ನಡೆಸಲು ಬರುವುದಿಲ್ಲ. ಸೈಕಲ್ಲೂ ಬರುವುದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಓಣಿಯ ಹುಡುಗಿಯರೆಲ್ಲ ಬಾಡಿಗೆ ಸೈಕಲ್ ತಂದು ಕಲಿಯುವಾಗ ನಾನೂ ಹತ್ತಿದ್ದೆ. ಆ ಸೈಕಲ್ಲಿಗೆ ಬ್ರೇಕಿನ ಕಡ್ಡಿಗಳಿದ್ದವು, ರಬ್ಬರ್ ಇರಲಿಲ್ಲ. ಮುಂದಿನ ಗಾಲಿಗೆ ಚಪ್ಪಲಿ ಒತ್ತಿ ನಿಲ್ಲಿಸುವುದು ಓಣಿಯ ಪದ್ಧತಿ. ನಾನು ಅವತ್ತು ಬರಿಗಾಲಲ್ಲಿ ಹೋಗಿದ್ದೆ. ಮುಂದಿನದನ್ನು ಸಗಣಿಯ ತಿಪ್ಪೆಯೊಂದು ನೋಡಿಕೊಂಡಿತು. ಅಲ್ಲಿಗೆ ನನ್ನ ವಾಹನ ವಿದ್ಯೆ ಮುಗಿಯಿತು.

ಅಪ್ಪನ ಸ್ಕೂಟರಿನದು ಇನ್ನೊಂದು ಕಥೆ. ಅಪ್ಪ ಸಾಲಿ ಮಾಸ್ತರ. ಆ ಸ್ಕೂಟರಿನ ಬ್ರೇಕಿಗಿಂತ ತನ್ನ ಎರಡು ಕಾಲುಗಳ ಮೇಲೆ ಅವನಿಗೆ ಹೆಚ್ಚು ವಿಶ್ವಾಸ. ಇಳಿಜಾರು ಬಂತೆಂದರೆ ಎರಡೂ ಕಾಲು ಕೆಳಗಿಳಿಸಿ, ನೆಲಕ್ಕೆ ಉಜ್ಜುತ್ತಾ, ಬಾತುಕೋಳಿ ನೀರಿಗಿಳಿದಂತೆ ಇಳಿಯುತ್ತಿದ್ದ. ವರ್ಷಕ್ಕೆ ಸ್ಕೂಟರಿನ ಟಯರು ಒಮ್ಮೆ ಬದಲಾದರೆ ಅಪ್ಪನ ಚಪ್ಪಲಿ ಮೂರು ಸಲ ಬದಲಾಗುತ್ತಿತ್ತು. ಇನ್ನು ಹುಬ್ಬಳ್ಳಿ-ಧಾರವಾಡದ ಸಿಟಿ ಬಸ್ಸು. ಡ್ರೈವರ್ ಬ್ರೇಕು ಹಾಕಿದನೆಂದರೆ ಹಿಂದೆ ನಿಂತವರು ಮುಂದೆ ಬಂದು, ಮುಂದೆ ನಿಂತವರು ಅವನ ಭುಜದ ಮೇಲೆ ಬಿದ್ದು, ಬಸ್ಸಿನಲ್ಲಿದ್ದವರಿಗೆಲ್ಲ ಒಮ್ಮೆಗೇ ಪರಸ್ಪರ ಪರಿಚಯವಾಗುತ್ತಿತ್ತು. ಆ ಬಸ್ಸಿನಲ್ಲೇ ನಾನು ಎಂ.ಎ. ಮುಗಿಸಿದೆ.

ಬಲಗಾಲಿನ ಚಟ ಮಾತ್ರ ಹತ್ತಿದ್ದು ಚಿಗವ್ವನಿಂದ.

ನಮ್ಮದು ವಿದ್ಯಾನಗರದಲ್ಲಿ ಎರಡು ಅಂತಸ್ತಿನ ಮನೆ. ಮೇಲೆ ನಾವು, ಕೆಳಗೆ ಅಪ್ಪನ ತಮ್ಮ ಶಿವಪುತ್ರಪ್ಪ ಕಾಕಾ ಮತ್ತು ಅವನ ಹೆಂಡತಿ ಗಿರಿಜಾ ಚಿಗವ್ವ. ಕಾಕಾನದು ಹತ್ತಿಯ ವ್ಯಾಪಾರ. ಎರಡು ಸಾವಿರದ ಈಚೆ ಒಂದು ವರ್ಷ ವ್ಯಾಪಾರ ಚೆನ್ನಾಗಿ ಕೈಹಿಡಿಯಿತು ನೋಡಿ, ಕಾಕಾ ಒಂದು ಗಾಡಿ ತಂದ. ಎತ್ತರದಲ್ಲಿ ಜೀಪು, ಉದ್ದದಲ್ಲಿ ಸಣ್ಣ ಕಾರು, ಒಳಗೆ ಹೋದರೆ ಅರಮನೆ. ಚರ್ಮದ ಸೀಟು, ಕಟ್ಟಿಗೆಯ ಹೊಳಪಿನ ಡ್ಯಾಷ್‌ಬೋರ್ಡು, ಗುಂಡಿ ಒತ್ತಿದರೆ ಮೈ ನಡುಗಿಸುವ ತಂಪುಗಾಳಿ. ಕಾಕಾ ಅದರೊಳಗೆ ಹತ್ತುವ ಮೊದಲು ಚಪ್ಪಲಿ ಬಿಚ್ಚಿ, ಒಂದಕ್ಕೊಂದು ಬಡಿದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೀಟಿನ ಕೆಳಗೆ ಇಡುತ್ತಿದ್ದ. ನಮಗೂ ಅದೇ ಕಾಯಿದೆ. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆಯಲೂ ಬಿಡಲಿಲ್ಲ. ಬೇಸಿಗೆಯಲ್ಲಿ ಎದ್ದರೆ ಸೀಟು ಚರ್ ಎಂದು ನಮ್ಮನ್ನು ಹಿಡಿದೆಳೆಯುತ್ತಿತ್ತು.

ಗಾಡಿ ಬಂದ ವಾರದಲ್ಲಿ ಚಿಗವ್ವ ಊಟಕ್ಕೆ ಬಡಿಸುತ್ತಾ ಸಹಜವಾಗಿ, "ನಾ ಡ್ರೈವಿಂಗ್ ಕಲೀತೇನ್ರಿ" ಎಂದಳು.

ಕಾಕಾ ರೊಟ್ಟಿ ಮುರಿಯುತ್ತಾ, "ಈ ವಯಸ್ಸಿನಾಗ?" ಎಂದ.

"ಈ ವಯಸ್ಸಿನಾಗ ನೀವು ಕಲತ್ರಿ. ನಿಮಗಿಂತ ನಾ ಸಣ್ಣಾಕಿ."

ಕಾಕಾ ಇನ್ನೊಂದು ರೊಟ್ಟಿಗೆ ಕೈ ಚಾಚಿದ. ಚಿಗವ್ವ ಕಲಿತಳು. ಹಟದಿಂದ ಕಲಿತಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸ್ಟೇರಿಂಗನ್ನು ರೊಟ್ಟಿಯ ಹಿಟ್ಟು ನಾದುವಾಗಿನ ಗಾಂಭೀರ್ಯದಿಂದ ಹಿಡಿದು ಕೂರುತ್ತಿದ್ದಳು. ಭಾನುವಾರ ಪಕ್ಕದ ಸೀಟಿನಲ್ಲಿ ನಾನು. ನನ್ನ ಕೆಲಸ, "ಚಿಗವ್ವಾ, ನಾಯಿ", "ಚಿಗವ್ವಾ, ಗುಂಡಿ" ಎಂದು ಹೇಳುತ್ತಿರುವುದು. ಖರೇ ಹೇಳಬೇಕೆಂದರೆ ಅವಳು ಕಾಕಾಗಿಂತ ಚೆನ್ನಾಗಿ ಓಡಿಸುತ್ತಿದ್ದಳು. ಕಾಕಾನದು ಎತ್ತಿನ ಬಂಡಿಯ ಶೈಲಿ. ರಸ್ತೆಯ ನಡುವೆ ಹೊರಟರೆ ಉಳಿದವರೇ ದಾರಿ ಬಿಡಬೇಕು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ನಾನೂ ಚಿಗವ್ವನೂ ಪೇಟೆ ಮುಗಿಸಿ ಮನೆಗೆ ಬಂದೆವು. ಸ್ಟೇಷನ್ ರಸ್ತೆಯಿಂದಲೂ ಗದ್ದಲ, ನಿಂತು ನಿಂತು ಬಂದಿದ್ದೆವು. ಮನೆಯ ಗೇಟು ಕಂಡಿತು. ಗೇಟು ಹಾಕಿತ್ತು. ಚಿಗವ್ವ ಬ್ರೇಕು ಒತ್ತಿದಳು. ಗಾಡಿ ನಿಲ್ಲಲಿಲ್ಲ. ಅವಳು ಸೀಟಿನಿಂದ ಅರ್ಧ ಎದ್ದು, ಎರಡೂ ಕಾಲಿಂದ ಒತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ನಾನೂ ಒತ್ತಿದೆ, ಬರೀ ನೆಲವನ್ನು. ಗಾಡಿ ನಿಧಾನಕ್ಕೆ, ಯಾವ ಗಡಿಬಿಡಿಯೂ ಇಲ್ಲದೆ, ಮನೆಯ ಹಿರಿಯರಂತೆ ಗೇಟಿನೊಳಗೆ ನಡೆದು ಹೋಯಿತು. ಗೇಟು ಒಳಗೆ ಬಾಗಿ, ಒಂದು ಬಾಗಿಲು ಕಳಚಿ ಮಲ್ಲಿಗೆಯ ಬಳ್ಳಿಯ ಮೇಲೆ ಒರಗಿತು.

ಕಾಕಾ ಹೊರಗೆ ಓಡಿ ಬಂದ. ಮೊದಲು ಗಾಡಿಯ ಮೂತಿ ನೋಡಿದ, ಆಮೇಲೆ ನಮ್ಮನ್ನು.

"ಬ್ರೇಕ್ ಬಿಟ್ಟು ಎಕ್ಸಲೇಟರ್ ಒತ್ತೀದಿ ನೀ."

"ಇಲ್ರಿ. ಬ್ರೇಕ ಒತ್ತೇನಿ. ಕಲ್ಲ ಒತ್ತಿದಂಗಾತು. ಕಾಲು ಕೆಳಗ ಇಳೀಲೇ ಇಲ್ಲ."

"ಕಾಕಾ, ನಾ ನೋಡೇನಿ, ಚಿಗವ್ವ ಬ್ರೇಕೇ ಒತ್ತಿದ್ಳು" ಎಂದೆ ನಾನು.

"ಬ್ರೇಕ ಎಲ್ಲಿರತೈತಿ ಹೇಳ ನೋಡೂಣು?" ಎಂದ ಕಾಕಾ.

ನಾನು ತಡವರಿಸಿದೆ. ನನ್ನ ಸಾಕ್ಷಿ ಅಲ್ಲಿಗೇ ಬಿದ್ದುಹೋಯಿತು.

ಗಾಡಿಯನ್ನು ರಾಯಾಪುರದ ಹತ್ತಿರವಿದ್ದ ಕಂಪನಿಯ ಗ್ಯಾರೇಜಿಗೆ ಕಳಿಸಿದರು. ಎರಡನೆಯ ದಿನ ವಾಪಸು ಬಂತು. ಜೊತೆಗೆ ಅಲ್ಲಿನ ಇಂಜಿನಿಯರು ಕೊಟ್ಟ ಮಾತು: ಗಾಡಿಯಲ್ಲಿ ಯಾವುದೇ ದೋಷ ಕಂಡುಬಂದಿಲ್ಲ. ಕಾಕಾ ಕೀಲಿಯನ್ನು ತನ್ನ ಅಂಗಿಯ ಒಳಕಿಸೆಗೆ ಇಳಿಸಿದ.

"ಸಾಕಿನ್ನ. ಎಲ್ಲಿಗರೆ ಹೋಗೂದಿದ್ರ ಹೇಳು, ನಾ ಬಿಡತೇನಿ."

ಚಿಗವ್ವ ಸಿಟ್ಟು ಮಾಡಲಿಲ್ಲ. ಜಗಳವನ್ನೂ ಆಡಲಿಲ್ಲ. ಸೆರಗು ಸರಿಮಾಡಿಕೊಂಡು ಒಂದೇ ಮಾತು ಹೇಳಿದಳು: "ನನ್ನ ಕೈಯಾಗ ಕೊಡಬ್ಯಾಡ್ರಿ, ಅಡ್ಡಿ ಇಲ್ಲ. ಆದ್ರ ನೀವೂ ಓಡಸಬ್ಯಾಡ್ರಿ. ಇವತ್ತ ಬರೇ ಗೇಟು. ನಾಳೆ ಗೇಟಿನ ಮುಂದ ಯಾರರೆ ನಿಂತಿರತಾರ."

ಕಾಕಾ ಗ್ಯಾರೇಜಿಗೆ ಫೋನು ಹಚ್ಚಿದ. ಗಾಡಿ ಮತ್ತೆ ಗ್ಯಾರೇಜಿಗೆ ಹೊರಟಿತು. ಈ ಸಲ ಜೊತೆಗೆ ಚಿಗವ್ವನೂ ಹೊರಟಳು, ಅವಳ ಹಿಂದೆ ನಾನು.

ಗ್ಯಾರೇಜಿನಲ್ಲಿ ಗಿರಾಕಿಗಳು ಕಾಯುವ ಕೋಣೆ ಒಂದಿತ್ತು. ಗಾಜಿನ ಗೋಡೆ, ಮೆತ್ತನೆಯ ಸೋಫಾ, ಬಿಸಿನೀರಿನಂಥ ಕಾಫಿ ಸುರಿಸುವ ಯಂತ್ರ. ಅಲ್ಲಿ ಒಬ್ಬರು ಪೇಪರು ಹಿಡಿದು ಕೂತಿದ್ದರು. ಹೊರಗೆ ನಮ್ಮದೇ ಬಣ್ಣದ, ನಮ್ಮದೇ ಥರದ ಗಾಡಿ ನಿಂತಿತ್ತು. ಕೇಳಿದರೆ ಧಾರವಾಡದ ಹಲ್ಲಿನ ಡಾಕ್ಟರು, ಜೋಶಿ ಅಂತ.

"ಏನಾಗೈತ್ರಿ ನಿಮ್ಮ ಗಾಡಿಗೆ?" ಎಂದಳು ಚಿಗವ್ವ.

"ಏನಿಲ್ರಿ. ಸುಮ್ನ ಸರ್ವಿಸಿಂಗ್" ಎಂದು ಡಾಕ್ಟರು ಪೇಪರನ್ನು ಇನ್ನಷ್ಟು ಮೇಲೆತ್ತಿದರು.

ಚಿಗವ್ವ ಮಾರುಕಟ್ಟೆಯಲ್ಲಿ ಬದನೆಕಾಯಿ ಬೆಲೆ ಕೇಳುವ ದನಿಯಲ್ಲಿ ಕೇಳಿದಳು: "ನಿಲ್ಲತೈತೇನ್ರಿ ಅದು?"

ಪೇಪರು ಕೆಳಗಿಳಿಯಿತು. ಡಾಕ್ಟರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ನಿಲ್ತದ್ರಿ… ಅದರ ಮನಸ್ಸಿಗೆ ಬಂದಾಗ" ಎಂದರು.

ಆಮೇಲೆ ಅವರ ಬಾಯಿಗೆ ತಡೆಯೇ ಇರಲಿಲ್ಲ. ಎರಡು ಸಲ ಹೀಗಾಗಿತ್ತಂತೆ. ಒಮ್ಮೆ ಸುಭಾಸ ರಸ್ತೆಯಲ್ಲಿ ಹೂವಿನ ಬುಟ್ಟಿಯ ಅಂಚಿಗೆ ಹೋಗಿ ನಿಂತಿತಂತೆ. ಮನೆಯಲ್ಲಿ ಹೇಳಿದರೆ, "ನಿಮಗ ಕಣ್ಣು ಕಾಣಸೂದಿಲ್ಲ" ಎಂದು ಹೆಂಡತಿ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳಂತೆ. "ಈ ಚಶ್ಮಾ ನೋಡ್ರಿ, ಹೊಸಾದು. ಕಣ್ಣೀಗ ಭಾಳ ಛಲೋ ಕಾಣಸ್ತಾವ. ಗಾಡಿ ನಿಲ್ಲದ ಹೋಗೂದೂ ಸ್ವಚ್ಛ ಕಾಣಸ್ತದ!"

ಚಿಗವ್ವ ನಕ್ಕಳು. ಆ ಗಾಜಿನ ಕೋಣೆ ಝಲ್ ಎನ್ನುವ ಹಾಗೆ ನಕ್ಕಳು. ಗೇಟು ಬಿದ್ದ ದಿನದಿಂದ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

"ಮತ್ತ ಯಾರಿಗೂ ಯಾಕ ಹೇಳಲಿಲ್ರಿ?"

"ಹೆಂಗ ಹೇಳೂದ್ರಿ? ಇಷ್ಟು ದೊಡ್ಡ ಗಾಡಿ ತಗೊಂಡು, ಪೇಢೆ ಹಂಚಿ, ಈಗ ಅದು ನಿಲ್ಲೂದಿಲ್ಲ ಅಂದ್ರ ಮಂದಿ ನಗೂದಿಲ್ಲೇನು?"

ಡಾಕ್ಟರೇ ಇನ್ನೊಬ್ಬರ ಹೆಸರು ಹೇಳಿದರು. ಅವರ ಹತ್ತಿರ ದವಡೆ ಹಲ್ಲು ಕೀಳಿಸಿಕೊಳ್ಳಲು ಬರುತ್ತಿದ್ದ ಕಾಳಿನ ವ್ಯಾಪಾರಿ ಉಳ್ಳಾಗಡ್ಡಿಯವರು. ಅವರದೂ ಇದೇ ಗಾಡಿ. ಆದರೆ ಇತ್ತೀಚೆಗೆ ಮೋಟರ್ ಸೈಕಲ್ ಮೇಲೆಯೇ ಓಡಾಡುತ್ತಾರೆ, ಯಾಕೆಂದು ಕೇಳಿದರೆ "ವ್ಯಾಯಾಮಕ್ಕ" ಅನ್ನುತ್ತಾರೆ. ಮೋಟರ್ ಸೈಕಲ್ ಮೇಲೆ ಎಂಥ ವ್ಯಾಯಾಮವೋ ಎಂದು ಡಾಕ್ಟರಿಗೆ ಆಗಲೇ ಸಂಶಯ ಬಂದಿತ್ತಂತೆ.

ಗ್ಯಾರೇಜಿನವರು ಈ ಸಲವೂ ದೋಷವಿಲ್ಲವೆಂದೇ ಗಾಡಿ ಮರಳಿಸಿದರು. ಮುಂದಿನ ಭಾನುವಾರ ಅವರಿಬ್ಬರನ್ನೂ ಚಿಗವ್ವ ನಮ್ಮ ಮನೆಯ ಜಗಲಿಯಲ್ಲಿ ಕೂಡಿಸಿದಳು. ದೊಡ್ಡ ಬೋಗುಣಿಯಲ್ಲಿ ಮಂಡಕ್ಕಿಯ ಗಿರ್ಮಿಟ್ಟು, ತಟ್ಟೆಯಲ್ಲಿ ಮೆಣಸಿನಕಾಯಿ ಬಜ್ಜಿ. ಉಳ್ಳಾಗಡ್ಡಿಯವರು ದೊಡ್ಡ ಮೀಸೆಯ, ದೊಡ್ಡ ದನಿಯ ಮನುಷ್ಯ. ಮೊದಲು ಸಂಕೋಚಪಟ್ಟರು. ಎರಡನೆಯ ಬಜ್ಜಿಯ ಹೊತ್ತಿಗೆ ಮನಸ್ಸು ಬಿಚ್ಚಿದರು.

"ಅದು ಗಾಡಿ ಅಲ್ರೀ ಯಕ್ಕಾ, ಮನೀ ಅಳಿಯಾ ಇದ್ದಂಗ. ಯಾವಾಗ ಮಾತು ಕೇಳತಾನ, ಯಾವಾಗ ಕೇಳೂದಿಲ್ಲ, ಹೇಳಾಕ ಬರೂದಿಲ್ಲ. ಗೋಡೌನಿನ್ಯಾಗ ಹೊದಿಸಿ ಇಟ್ಟೇನಿ."

ಕಾಕಾ ಒಳಗೆ ಟಿ.ವಿ. ಹಚ್ಚಿಕೊಂಡು ಕೂತಿದ್ದ. ಆದರೆ ಟಿ.ವಿ.ಯ ದನಿ ತಗ್ಗುತ್ತಾ ತಗ್ಗುತ್ತಾ ಹೋಗಿದ್ದು ನನ್ನ ಕಿವಿಗೆ ಬಿತ್ತು.

ಚಿಗವ್ವ ಒಬ್ಬೊಬ್ಬರನ್ನೂ ಕೇಳಿದಳು. ಎಲ್ಲಿ ಆಯಿತು, ಹೇಗೆ ಹೋಗುತ್ತಿದ್ದಿರಿ, ಬಿಸಿಲಿತ್ತೇ, ಎ.ಸಿ. ಹಾಕಿದ್ದಿರೇ, ಗದ್ದಲವಿತ್ತೇ. ಡಾಕ್ಟರಿಗೆ ಪೇಟೆಯಲ್ಲಿ. ಉಳ್ಳಾಗಡ್ಡಿಯವರಿಗೆ ಎ.ಪಿ.ಎಂ.ಸಿ.ಯ ಲಾರಿಗಳ ನಡುವೆ. ನಮಗೆ ಪೇಟೆಯಿಂದ ಬರುವಾಗ. ಖಾಲಿ ರಸ್ತೆಯಲ್ಲಿ ಯಾರಿಗೂ ಆಗಿರಲಿಲ್ಲ. ಬೆಳಗಿನ ಹೊತ್ತು ಯಾರಿಗೂ ಆಗಿರಲಿಲ್ಲ.

"ಹಂಗಾರ ಮೂರೂ ಮಂದಿ ಎ.ಸಿ. ಹಾಕ್ಕೊಂಡಿದ್ವಿ" ಎಂದಳು ಚಿಗವ್ವ. "ಎ.ಸಿ. ಹಾಕ್ಕೊಂಡು, ಗದ್ದಲದಾಗ, ಮ್ಯಾಲಿಂದ ಮ್ಯಾಲೆ ಬ್ರೇಕ್ ಒತ್ತಿಗೋತ ಹೋದಾಗ ಅದು ಕಲ್ಲಾಗತೈತಿ. ಗ್ಯಾರೇಜಿನವ್ರು ಮುಂಜಾನೆ ಬೈಪಾಸಿನ್ಯಾಗ ಓಡಿಸಿ ನೋಡತಾರ. ಅಲ್ಲಿ ಅದು ಶಾಣ್ಯಾ ಆಗೇ ಇರತೈತಿ."

ಸೋಮವಾರ ಗ್ಯಾರೇಜಿನ ಇಂಜಿನಿಯರಿಗೆ ಅವಳೇ ಫೋನು ಮಾಡಿದಳು. ಆತ ಮಂಗಳೂರಿನ ಕಡೆಯ ಯುವಕ, ಶೆಣೈ ಅಂತ. ಪುಸ್ತಕದಂಥ ಕನ್ನಡ. "ಮೇಡಂ, ತಾವು ಹೇಳಿದ ಸಮಸ್ಯೆಯನ್ನು ನಾವು ಪರಿಶೀಲಿಸಿದ್ದೇವೆ" ಎಂದ. "ಹೌದ್ರಿ, ಆದ್ರ ದುರ್ಗದಬೈಲಿನ್ಯಾಗ ಪರಿಶೀಲಿಸಿಲ್ಲ. ಸಂಜೀಕ ಬರ್ರಿ. ಗಾಡಿ ನೀವೇ ಓಡಸ್ರಿ" ಎಂದಳು ಚಿಗವ್ವ. ಆತ ಒಳ್ಳೆಯ ಹುಡುಗ, ಬಂದ. ಕಾಕಾನೂ ಹಿಂದಿನ ಸೀಟಿನಲ್ಲಿ ಹತ್ತಿ ಕೂತ. "ಎಲ್ಲಾರಿಗೂ ಖರೇ ಏನಂತ ತಿಳೀಲಿ" ಎಂದ. ಯಾವುದು ಖರೇ ಆಗಬೇಕೆಂದು ಅವನ ಮನಸ್ಸಿನಲ್ಲಿತ್ತೋ ಅದನ್ನು ಬಿಡಿಸಿ ಹೇಳಲಿಲ್ಲ.

ಸ್ಟೇರಿಂಗಿನಲ್ಲಿ ಶೆಣೈ. ಪಕ್ಕದಲ್ಲಿ ಚಿಗವ್ವ, ಒಂದು ಕೈ ಹ್ಯಾಂಡ್‌ಬ್ರೇಕಿನ ಮೇಲೆ. ಹಿಂದೆ ಕಾಕಾ, ಡಾಕ್ಟರು, ನಡುವೆ ನಾನು. ಉಳ್ಳಾಗಡ್ಡಿಯವರು ಒಳಗೆ ಕೂರಲು ಒಪ್ಪಲಿಲ್ಲ. ಗಾಡಿಯ ಮುಂದೆ ಸ್ವಲ್ಪ ದೂರದಲ್ಲಿ ನಡೆಯುತ್ತಾ, ಎರಡೂ ಕೈ ಬೀಸಿ, "ಸರೀರಿ, ಸರೀರಿ, ಇದಕ್ಕ ಬ್ರೇಕಿಲ್ಲ, ಸರೀರಿ!" ಎಂದು ಕೂಗುತ್ತಾ ಹೊರಟರು. ಜನ ದಾರಿ ಬಿಟ್ಟರು, ಆದರೆ ನೋಡಲು ನಿಂತರು.

ದುರ್ಗದಬೈಲಿನ ಸಂಜೆ ನಿಮಗೆ ಗೊತ್ತಲ್ಲ. ಬಳೆಯಂಗಡಿ, ಪಾತ್ರೆಯಂಗಡಿ, ಕೈಗಾಡಿಗಳು, ಜೋಳಿಗೆ ಹಿಡಿದ ಹೆಂಗಸರು, ನಡುವೆ ನುಗ್ಗುವ ಸ್ಕೂಟರುಗಳು. ಗಾಡಿ ಹೆಜ್ಜೆ ಹೆಜ್ಜೆಗೆ ನಿಂತು ಹೊರಟಿತು. ಎ.ಸಿ. ಭರ್ರೆಂದು ಬೀಸುತ್ತಿತ್ತು. ಶೆಣೈ ಬ್ರೇಕು ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ.

"ನೋಡಿ ಮೇಡಂ, ಸಂಪೂರ್ಣ ಸಮರ್ಪಕವಾಗಿ ಕಾರ್ಯ ನಿರ್ವಹಿಸು…" ಎನ್ನುತ್ತಿದ್ದವನ ಮಾತು ಅರ್ಧಕ್ಕೇ ನಿಂತಿತು. ಗಾಡಿ ನಿಲ್ಲಲಿಲ್ಲ. ಅವನ ಮೊಣಕಾಲು ನೆಟ್ಟಗಾಯಿತು, ಬೆನ್ನು ಸೀಟಿಗೆ ಒತ್ತಿತು. ಪುಸ್ತಕದ ಕನ್ನಡ ಎಲ್ಲಿ ಹಾರಿಹೋಯಿತೋ, "ಅಯ್ಯಯ್ಯೋ, ಬ್ರೇಕು ಹಿಡಿಯುದೇ ಇಲ್ಲ ಮಾರಾಯ್ರೇ!" ಎಂದು ಕೂಗಿದ.

ಹಿಂದಿನ ಸೀಟಿನಲ್ಲಿ ಡಾಕ್ಟರು ಒತ್ತಿದರು, ನಾನು ಒತ್ತಿದೆ, ಕಾಕಾನೂ ಒತ್ತಿದ. ಚಿಗವ್ವ ಮಾತ್ರ ಕೈಯಲ್ಲಿದ್ದುದನ್ನು ಎಳೆದಳು. ಗಾಡಿ ಕಿರ್ ಎಂದು ನಿಂತಿತು. ನಿಲ್ಲುವ ಮೊದಲು ಅದರ ಮೂತಿ ದಾರಿಬದಿಯಲ್ಲಿ ಆಳೆತ್ತರ ಪೇರಿಸಿಟ್ಟಿದ್ದ ಪ್ಲಾಸ್ಟಿಕ್ ಬಕೆಟ್ಟುಗಳ ಸಾಲಿಗೆ ಮೆಲ್ಲಗೆ ಮುತ್ತು ಕೊಟ್ಟಿತು.

ಅಷ್ಟೇ ಸಾಕಾಯಿತು. ಕೆಂಪು, ಹಸಿರು, ಹಳದಿ, ನೀಲಿ ಬಕೆಟ್ಟುಗಳು ದಡದಡ ಉರುಳಿ ಇಡೀ ದುರ್ಗದಬೈಲಿನ ತುಂಬ ಓಡಿದವು. ಒಂದು ಬಳೆಯಂಗಡಿಗೆ ಹೋಯಿತು, ಒಂದು ಉಳ್ಳಾಗಡ್ಡಿಯವರ ಕಾಲ ನಡುವೆ ಸಿಕ್ಕಿತು. ಜನ ನಗುತ್ತಾ ಅವನ್ನು ಬೆನ್ನಟ್ಟಿದರು. ಬಕೆಟ್ಟು ಮಾರುವಾಕೆ ಸೊಂಟಕ್ಕೆ ಕೈಯಿಟ್ಟು ಗಾಡಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಇಷ್ಟ ಚಂದನ ಗಾಡಿ ತಗೊಂಡೀರಿ, ಬ್ರೇಕ ತಗೊಳ್ಳಾಕ ಮರತ್ರೇನ್ರಿ?"

ಶೆಣೈ ಹಣೆಯ ಬೆವರು ಒರೆಸಿಕೊಂಡು, ಚಿಗವ್ವನ ಕಡೆ ತಿರುಗಿ, "ನೀವು ಹೇಳಿದ್ದು ಸರಿ ಮೇಡಂ" ಎಂದ. ಆದರೆ ಚಿಗವ್ವ ಅವನನ್ನು ನೋಡುತ್ತಿರಲಿಲ್ಲ. ಅವಳು ಹಿಂತಿರುಗಿ ಕಾಕಾನನ್ನು ನೋಡುತ್ತಿದ್ದಳು. ಕಾಕಾ ಇನ್ನೂ ಎರಡೂ ಕಾಲಿಂದ ನೆಲ ಒತ್ತಿಕೊಂಡೇ ಕೂತಿದ್ದ.

"ಕಾಲು ತಗೀರಿ" ಎಂದಳು ಚಿಗವ್ವ. "ನಿಂತೈತಿ."

ಕಾಕಾ ಕೆಳಗಿಳಿದ. ಚಪ್ಪಲಿ ಚೀಲದಿಂದ ತೆಗೆಯುವುದನ್ನೂ ಮರೆತು, ಬರಿಗಾಲಲ್ಲೇ ದುರ್ಗದಬೈಲಿನಲ್ಲಿ ನಿಂತು, ಮೂತಿ ಸೊಟ್ಟಗಾದ ಬಕೆಟ್ಟುಗಳನ್ನೆಲ್ಲ ತಾನೇ ಆರಿಸಿ ಕೊಂಡುಕೊಂಡ. ಅವನ ಬಾಯಿಂದ 'ತಪ್ಪಾಯಿತು' ಎನ್ನುವ ಮಾತು ಬಂದಿದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕೇಳಿಲ್ಲ. ಅವತ್ತೂ ಬರಲಿಲ್ಲ. ಮನೆಗೆ ಬಂದ ಮೇಲೆ ಬಕೆಟ್ಟುಗಳನ್ನು ಹಿತ್ತಲಲ್ಲಿ ಇಳಿಸಿ, ಒಳಕಿಸೆಯಿಂದ ಕೀಲಿ ತೆಗೆದು, ಚಿಗವ್ವ ರೊಟ್ಟಿ ಬಡಿಯುತ್ತಿದ್ದ ಕಟ್ಟೆಯ ಮೇಲೆ ಇಟ್ಟು, "ಹಿಟ್ಟ ಹತ್ತೀತು, ಒರಸಿ ತಗೋ" ಎಂದು ಹೇಳಿ ಹೊರಗೆ ಹೋದ.

ಆಮೇಲಿನದು ಬೇಗ ಆಯಿತು. ಬ್ರೇಕಿಗೆ ಬಲ ಕೊಡುವ ಒಂದು ರಬ್ಬರಿನ ಕೊಳವೆ ಗಾಳಿ ಬಿಡುತ್ತಿತ್ತಂತೆ. ಎ.ಸಿ. ಹಾಕಿ, ನಿಂತು ನಿಂತು ಹೋಗುವಾಗ ಆ ಬಲ ಖಾಲಿಯಾಗುತ್ತಿತ್ತಂತೆ. ಶೆಣೈ ಮೇಲಿನವರಿಗೆ ಬರೆದ, ಬೆನ್ನು ಹತ್ತಿದ, ಮೂರೂ ಗಾಡಿಗೆ ಹೊಸ ಕೊಳವೆ ಹಾಕಿಸಿದ. ಬೇರೆ ಊರುಗಳಲ್ಲೂ ನಮ್ಮಂತೆ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡು ಕೂತವರು ಇದ್ದರಂತೆ. ಅವರ ಗಾಡಿಗಳನ್ನೂ ಕರೆಸಿ ಸರಿಮಾಡಿದರು ಎಂದು ಆಮೇಲೆ ಗೊತ್ತಾಯಿತು.

ಶ್ರಾವಣದ ಒಂದು ಭಾನುವಾರ ಡಾಕ್ಟರು ಎಲ್ಲರನ್ನೂ ಧಾರವಾಡಕ್ಕೆ ಊಟಕ್ಕೆ ಕರೆದರು. ಚಿಗವ್ವ ಓಡಿಸಿದಳು. ಪಕ್ಕದಲ್ಲಿ ಕಾಕಾ, ಹಿಂದೆ ನಾನು. ಜಿಟಿಜಿಟಿ ಮಳೆ ಬಿಟ್ಟು ಎಳೆಬಿಸಿಲು ಬಿದ್ದಿತ್ತು. ಉಣಕಲ್ ಕೆರೆ ಬಂತು. ಚಿಗವ್ವ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದಳು.

"ಯಾಕ? ಮತ್ತ ಏನಾತು?" ಕಾಕಾ ಗಾಬರಿಯಾದ.

"ಏನಿಲ್ಲ. ನೀರು ತುಂಬೈತಿ. ನೋಡೂಣಂತ."

ನೋಡಿದೆವು. ಮತ್ತೆ ಹೊರಟೆವು. ರಾಯಾಪುರ ದಾಟುವ ಮೊದಲು ಇನ್ನೊಮ್ಮೆ ನಿಲ್ಲಿಸಿದಳು. ಅಲ್ಲೊಂದು ಗಾಡಿಯಲ್ಲಿ ಸುಟ್ಟ ಗೋವಿನ ಜೋಳದ ತೆನೆ ಮಾರುತ್ತಿದ್ದರು. "ಊಟಕ್ಕ ಹೊತ್ತಾಗತೈತಿ" ಎಂದು ಗೊಣಗುತ್ತಲೇ ಕಾಕಾ ಎರಡು ತೆನೆ ತಿಂದ. ನವಲೂರು ಬಂತು. ದಾರಿಯ ಬದಿಯಲ್ಲಿ ಹೆಂಗಸರು ಬುಟ್ಟಿ ಬುಟ್ಟಿ ಪೇರಲ ಹಣ್ಣು ಇಟ್ಟುಕೊಂಡು ಕೂತಿದ್ದರು. ಚಿಗವ್ವನ ಕಾಲು ಮೆತ್ತಗೆ ಇಳಿಯಿತು. ಗಾಡಿ ಸದ್ದಿಲ್ಲದೆ, ಒಂದು ಕೂದಲೂ ಅಲುಗದಂತೆ, ಬುಟ್ಟಿಯ ಮುಂದೆ ಬಂದು ನಿಂತಿತು.

ಕಾಕಾ ಅಲ್ಲೇ ಪಕ್ಕದಲ್ಲಿದ್ದ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತು, ಉಪ್ಪು ಖಾರ ಹಚ್ಚಿದ ಹಣ್ಣನ್ನು ಕಚ್ಚಿದ. ಕಣ್ಣು ಮುಚ್ಚಿದ. ಎಷ್ಟೋ ವರ್ಷಗಳಿಂದ ಹತ್ತಿಯ ಲೆಕ್ಕದಲ್ಲಿ ಮುಳುಗಿಕೊಂಡು ಇದೇ ರಸ್ತೆಯಲ್ಲಿ ಓಡಾಡಿದವನು ಅವನು.

"ಏ ಗಿರಿಜಾ," ಎಂದ ಆಶ್ಚರ್ಯದಿಂದ, "ಇವ್ರು ಮೊದಲಿಂದಾನೂ ಇಲ್ಲೇ ಕುಂದರತಿದ್ರೇನು?"

ಚಿಗವ್ವ ಸೆರಗಿನಿಂದ ಇನ್ನೊಂದು ಹಣ್ಣು ಒರೆಸಿ ಅವನ ಕೈಗಿಟ್ಟಳು.

"ನೀವು ಒಮ್ಮೆರೆ ಬ್ರೇಕ್ ಒತ್ತಿದ್ರ ಗೊತ್ತಾಗತಿತ್ತರೀ."